ನಡುವೆ ಕಲೆ ಕಂಡಿತೆಂದು ಮಾತ್ರೆ ಬಿಡಬೇಡಿ

"ಡಾಕ್ಟ್ರೇ, ಆ ಮಾತ್ರೆ ನನಗೆ ಆಗಿಬರಲಿಲ್ಲ, ಬಿಟ್ಟುಬಿಟ್ಟೆ." ಪ್ರೊಜೆಸ್ಟೋಜೆನ್ ಎಂಬ ಒಂದೇ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ ಶುರು ಮಾಡಿದ ಎರಡನೇ ತಿಂಗಳಿಗೇ ಎಷ್ಟೋ ಹೆಣ್ಣುಮಕ್ಕಳು ಹೀಗೆನ್ನುತ್ತಾರೆ. ಮುಟ್ಟಿನ ದಿನವಲ್ಲದಿದ್ದರೂ ಬಟ್ಟೆಯಲ್ಲಿ ಕಲೆ ಕಂಡಿರುತ್ತದೆ. ಹೆದರಿರುತ್ತಾರೆ. ಮಾತ್ರೆ ಬಿಟ್ಟವರು ಬೇರೆ ದಾರಿಯನ್ನೂ ಹಿಡಿದಿರುವುದಿಲ್ಲ. ಕೆಲವರು ಗರ್ಭ ನಿಂತ ಮೇಲೆಯೇ ಬರುತ್ತಾರೆ. ಮೊದಲ ದಿನವೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಇದು ತಪ್ಪುತ್ತಿತ್ತಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಸಾಮಾನ್ಯ ಗರ್ಭನಿರೋಧಕ ಮಾತ್ರೆಯಲ್ಲಿ ಎರಡು ಹಾರ್ಮೋನ್ ಇರುತ್ತವೆ. ಅದರಲ್ಲಿರುವ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ಹಿಡಿದಿಡುತ್ತದೆ. ಈ ಮಾತ್ರೆಯಲ್ಲಿ ಅದಿಲ್ಲ. ಹಾಗಾಗಿ ಪದರ ತೆಳುವಾಗಿ, ಆಗಾಗ ಅಲ್ಲಲ್ಲಿ ಉದುರುತ್ತದೆ. ಕೆಲವರಿಗೆ ಮುಟ್ಟೇ ನಿಲ್ಲುತ್ತದೆ, ಕೆಲವರಿಗೆ ಲೆಕ್ಕ ತಪ್ಪುತ್ತದೆ. ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತಲ್ಲ. ಮೂರು ತಿಂಗಳು ಸಮಯ ಕೊಡಿ, ಬಹಳ ಜನಕ್ಕೆ ಒಂದು ಹದಕ್ಕೆ ಬರುತ್ತದೆ. ಆದರೆ ಜಾಸ್ತಿ ರಕ್ತ ಹೋದರೆ, ಕೂಡಿದ ಮೇಲೆ ರಕ್ತ ಕಂಡರೆ, ಹೊಟ್ಟೆನೋವು ಜೊತೆಗಿದ್ದರೆ ಕಾಯಬೇಡಿ, ತೋರಿಸಿಕೊಳ್ಳಿ.

ಕಾಪಾಡುವ ಕೆಲಸ ನಡೆಯುವುದು ಬೇರೆ ಕಡೆ. ಗರ್ಭಕೋಶದ ಬಾಯಿಯಲ್ಲಿರುವ ಲೋಳೆ ಗಟ್ಟಿಯಾಗಿ ವೀರ್ಯಾಣುಗಳನ್ನು ತಡೆಯುತ್ತದೆ. ಡೆಸೊಜೆಸ್ಟ್ರೆಲ್ ಎಂಬ ಹೊಸ ಬಗೆಯ ಪ್ರೊಜೆಸ್ಟೋಜೆನ್ ಇರುವ ಮಾತ್ರೆ ಅಂಡ ಬಿಡುಗಡೆಯಾಗುವುದನ್ನೂ ಹೆಚ್ಚಿನ ತಿಂಗಳುಗಳಲ್ಲಿ ನಿಲ್ಲಿಸುತ್ತದೆ.

ಗಡಿಯಾರದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. ದಿನಾ ಒಂದೇ ಹೊತ್ತಿಗೆ ನುಂಗಬೇಕು. ಹಳೆಯ ಬಗೆಯ ಲೆವೊನಾರ್ಜೆಸ್ಟ್ರೆಲ್, ನಾರೆಥಿಸ್ಟೆರಾನ್ ಮಾತ್ರೆಗಳಲ್ಲಿ 3 ಗಂಟೆ ತಡವಾದರೂ ಆ ಲೋಳೆ ಸಡಿಲವಾಗತೊಡಗುತ್ತದೆ. ಡೆಸೊಜೆಸ್ಟ್ರೆಲ್‌ಗೆ 12 ಗಂಟೆ ಅವಕಾಶವಿದೆ. ನಿಮ್ಮ ಮಾತ್ರೆಗಿರುವ ಈ ಗಡುವು ಮೀರಿದರೆ ನೆನಪಾದ ತಕ್ಷಣ ಒಂದು ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತಗೊಳ್ಳಿ. ಒಂದೇ ದಿನ ಎರಡಾದರೂ ತೊಂದರೆ ಇಲ್ಲ. ಮುಂದಿನ 2 ದಿನ ಕಾಂಡೋಮ್ ಬೇಕೇ ಬೇಕು. ಈ ನಡುವೆ ಕಾಂಡೋಮ್ ಇಲ್ಲದೆ ಕೂಡಿದ್ದರೆ ತುರ್ತು ಮಾತ್ರೆ ಬೇಕಾಗಬಹುದು, ಬೇಗ ಕೇಳಿ. ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು.

ಎದೆಹಾಲು ಕೊಡುವ ತಾಯಂದಿರು, ಬಿಪಿ ಇರುವವರು, ಕಣ್ಣಿಗೆ ಮಿಂಚು ಬಂದಂತಾಗಿ ಶುರುವಾಗುವ ಮೈಗ್ರೇನ್ ಇರುವವರು, 35 ದಾಟಿಯೂ ಸಿಗರೇಟ್ ಸೇದುವವರು: ಈಸ್ಟ್ರೋಜೆನ್ ಬೇಡವೆಂದು ನಾವು ಹೇಳುವ ಇಂಥ ಎಷ್ಟೋ ಜನಕ್ಕೆ ಈ ಮಾತ್ರೆ ಹೊಂದುತ್ತದೆ. ಅದಕ್ಕೇ ಇದರ ಮೇಲೆ ನನಗಿಷ್ಟು ಕಾಳಜಿ. ಸ್ತನ ಕ್ಯಾನ್ಸರ್ ಇರುವವರಿಗೆ ಬೇಡ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇದರ ಬಲ ಕುಗ್ಗಿಸುತ್ತವೆ. ಅವನ್ನು ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ.

ಇಷ್ಟಾದರೂ ಒಗ್ಗಲಿಲ್ಲ, ಬಿಡಲೇಬೇಕು ಅನಿಸಿತಾ? ಬಿಡಿ, ತಪ್ಪೇನಿಲ್ಲ. ಆದರೆ ಸ್ಟ್ರಿಪ್ ಎಸೆಯುವ ಮೊದಲು ನಮ್ಮ ಹತ್ತಿರ ಬನ್ನಿ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಗರ್ಭ ನಿಲ್ಲಬಹುದು, ಮೊದಲ ಮುಟ್ಟು ಬರುವ ಮುಂಚೆಯೇ.