ಬಟ್ಟೆಯಲ್ಲಿ ಕಟ್ಟಿದ ಮೊಸರು: ಲಬ್ನೆಯಲ್ಲಿ ಏನು ಉಳಿಯುತ್ತದೆ, ಏನು ಸೋರಿ ಹೋಗುತ್ತದೆ?

ಲಬ್ನೆ ಅಂದ್ರೆ ಮೊಸರಿಗೆ ಉಪ್ಪು ಬೆರೆಸಿ, ಬಟ್ಟೆಯಲ್ಲಿ ಕಟ್ಟಿ, ನೀರಿಳಿಸಿದ್ದು. ಲೆಬನಾನ್, ಸಿರಿಯಾ ಕಡೆ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಬೆಳಗಾವಿ ಕಡೆ ಶ್ರೀಖಂಡಕ್ಕೆ ಚಕ್ಕಾ ಮಾಡ್ತಾರಲ್ವಾ, ಅದಕ್ಕೆ ಸಕ್ಕರೆ ಬದಲು ಉಪ್ಪು ಬಿದ್ದರೆ ಹೆಚ್ಚುಕಡಿಮೆ ಇದೇ. ಪನೀರ್ ಬೇರೆ: ಅಲ್ಲಿ ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸುತ್ತೇವೆ. ಇಲ್ಲಿ ಹುಳಿ ಮಾಡುವುದು ಬ್ಯಾಕ್ಟೀರಿಯಾ, ಆಮೇಲೆ ಒಲೆಗೆ ಇಡುವುದಿಲ್ಲ, ಹಾಗಾಗಿ ಅವು ಜೀವಂತ ಉಳಿಯುತ್ತವೆ.

ಗಟ್ಟಿಯಾದರೆ ಎಲ್ಲ ಪೋಷಕಾಂಶವೂ ಜಾಸ್ತಿ ಅಂತ ನಾನೂ ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಅದು ಅರ್ಧ ಮಾತ್ರ ಸರಿ. 100 ಗ್ರಾಂ ಸಾದಾ ಮೊಸರಿನಲ್ಲಿ ಪ್ರೋಟೀನ್ ಸುಮಾರು 3.5 ಗ್ರಾಂ, ಚೆನ್ನಾಗಿ ನೀರಿಳಿಸಿದರೆ 8ರ ಆಸುಪಾಸು, ಯಾಕಂದ್ರೆ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸೀನ್ ಬಟ್ಟೆಯೊಳಗೇ ನಿಲ್ಲುತ್ತದೆ. ಕೊಬ್ಬೂ ನಿಲ್ಲುತ್ತದೆ, ಇದನ್ನು ಮರೆಯಬೇಡಿ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಒಂದಷ್ಟು ನೀರಿನ ಜೊತೆ ಇಳಿದು ಹೋಗುತ್ತದೆ. ಕ್ಯಾಲ್ಸಿಯಂ ಕತೆಯೇ ಬೇರೆ. ಹಾಲಿನಲ್ಲಿ ಅದರ ಬಹುಪಾಲು ಕೇಸೀನಿಗೆ ಅಂಟಿಕೊಂಡಿರುತ್ತದೆ, ಆದರೆ ಮೊಸರು ಹುಳಿಯಾಗುತ್ತಾ ಹೋದಂತೆ ಅದು ಬಿಡಿಸಿಕೊಂಡು ನೀರಿಗೆ ಸೇರುತ್ತದೆ, ಬಟ್ಟೆ ಕಟ್ಟಿದಾಗ ಆ ನೀರಿನ ಜೊತೆಗೇ ಕೆಳಗಿನ ಪಾತ್ರೆಗೆ ಸೋರುತ್ತದೆ. ಅದಕ್ಕೇ ಪ್ರೋಟೀನ್ ಎರಡು ಪಟ್ಟಾದರೂ ಕ್ಯಾಲ್ಸಿಯಂ ಆ ಲೆಕ್ಕದಲ್ಲಿ ಏರುವುದಿಲ್ಲ. ತಿಳಿನೀರು ಹಸಿರು ಬೆರೆತ ಹಳದಿ ಕಾಣುತ್ತದಲ್ಲ, ಅದು ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್.

ಮಾಡಿ ನೋಡುವವರಿಗೆ: ನಮ್ಮ ಕೊಡಗಿನ ಮಳೆಗಾಲದಲ್ಲಿ ಮೊಸರು ಹೆಪ್ಪಾಗುವುದೇ ಕಷ್ಟ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಒಲೆ ಪಕ್ಕ ಇಡಿ. ಹಾಲನ್ನು ಚೆನ್ನಾಗಿ ಕುದಿಸಿ. ಆಗ ತಿಳಿನೀರಿನ ಪಾಲಾಗಬೇಕಿದ್ದ ಪ್ರೋಟೀನ್ ಕೂಡ ಕೇಸೀನಿಗೆ ಅಂಟಿ ಮೊಸರಿನಲ್ಲೇ ಉಳಿಯುತ್ತದೆ. ಒಗೆದ ಹಳೇ ಪಂಚೆಯ ತುಂಡು ಸಾಕು. 1 ಲೀಟರ್ ಮೊಸರು ಒಂದು ರಾತ್ರಿ ಫ್ರಿಜ್ಜಿನಲ್ಲಿ ನೀರಿಳಿದರೆ 350–400 ಗ್ರಾಂ ಸಿಗುತ್ತದೆ.

ಲೆಬನಾನ್, ಸಿರಿಯಾದವರು ಲಬ್ನೆ ಮೇಲೆ ಆಲಿವ್ ಎಣ್ಣೆ, ಝಾತರ್ (ಒಣ ಸೊಪ್ಪು, ಎಳ್ಳು ಬೆರೆತ ಮಸಾಲೆ) ಪುಡಿ ಹಾಕುತ್ತಾರೆ. ಇನ್ನೂ ಗಟ್ಟಿ ಮಾಡಿ, ಉಂಡೆ ಕಟ್ಟಿ, ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ನನಗೆ ಬಿಸಿ ಅಕ್ಕಿ ಒಟ್ಟಿ (ಕೊಡಗಿನ ಅಕ್ಕಿ ರೊಟ್ಟಿ) ಮೇಲೆ ಲಬ್ನೆ ಸವರಿ, ಸೂಜಿಮೆಣಸು ಜಜ್ಜಿ ಹಾಕಿದ್ದೇ ಇಷ್ಟ. ಉಪ್ಪು ಹಾಕದಿದ್ದರೆ ಜೇನೂ ಚೆಂದ. ಸಾರು, ಗ್ರೇವಿಗೆ ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಾಕಿ, ಕುದಿಯುವಾಗ ಹಾಕಿದರೆ ಒಡೆಯುತ್ತದೆ.

ಆ ತಿಳಿನೀರನ್ನು ಮಾತ್ರ ದಯವಿಟ್ಟು ಸಿಂಕಿಗೆ ಚೆಲ್ಲಬೇಡಿ. ಒಟ್ಟಿ ಹಿಟ್ಟು ಕಲಸಲು, ಬೇಳೆ ಬೆಂದ ಮೇಲೆ ಸಾರಿಗೆ, ಇಲ್ಲವೇ ಶುಂಠಿ ಜಜ್ಜಿ ಸುಮ್ನೆ ಕುಡಿಯಲು ಬಳಸಿ.