ಕಥೆಯ ವಸ್ತು ಮತ್ತು ಆಶಯ: 'ಗೋವಿನ ಹಾಡಿ'ನ ಹುಲಿ ಏಕೆ ಸತ್ತಿತು?

ಕಥೆಯ ವಸ್ತುವನ್ನು ಒಂದೆರಡು ಪದಗಳಲ್ಲಿ ಹೇಳಬಹುದು. ಆಶಯಕ್ಕೆ ಪೂರ್ಣ ವಾಕ್ಯವೇ ಬೇಕು, ಏಕೆಂದರೆ ಆ ವಸ್ತುವಿನ ಬಗ್ಗೆ ಕಥೆ ಏನು ಹೇಳುತ್ತದೆ ಎಂಬುದೇ ಆಶಯ. ಬಹುತೇಕರಿಗೆ ಬಾಯಿಪಾಠವಾಗಿರುವ ಜನಪದ ಕಥನಗೀತೆ 'ಗೋವಿನ ಹಾಡ'ನ್ನು, ಶಾಲೆಯ ಪಠ್ಯಗಳಿಂದ ಪರಿಚಿತವಾದ ಅದರ ಸಂಕ್ಷಿಪ್ತ ರೂಪದಲ್ಲಿ, ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಇದರ ವಸ್ತು ಸತ್ಯಪಾಲನೆ ಎನ್ನುವುದರಲ್ಲಿ ಅನುಮಾನವಿಲ್ಲ. ಹಸಿದ ಹುಲಿಗೆ ಎದುರಾದ ಪುಣ್ಯಕೋಟಿ, ಕರುವಿಗೆ ಹಾಲುಣಿಸಿ ಬರುವೆನೆಂದು ಭಾಷೆಯಿತ್ತು ಹೋಗಿ, ಅದರಂತೆ ಮರಳುತ್ತದೆ. ಹುಲಿ ಅದನ್ನು ತಿನ್ನದೆ ತಾನೇ ಪ್ರಾಣ ಬಿಡುತ್ತದೆ. ಆಶಯ ಬರೆಯಿರಿ ಎಂದಾಗ ನಾವು ಥಟ್ಟನೆ ಬರೆದುಬಿಡುವುದು 'ಸತ್ಯಕ್ಕೆ ಸಾವಿಲ್ಲ' ಎಂದು. ಹುಲಿ ಹಸುವನ್ನು ಬಿಟ್ಟು ಸುಮ್ಮನೆ ಗವಿಗೆ ಹೋಗಿದ್ದರೂ ಈ ಮಾತು ಹೊಂದಿಕೊಳ್ಳುತ್ತಿತ್ತು. ಕಥೆಯ ಕೊನೆಯನ್ನು ವಿವರಿಸಲಾರದ ವಾಕ್ಯವನ್ನು ಆಶಯವೆಂದು ಒಪ್ಪುವುದು ಕಷ್ಟ.

ಇಂಥ ಕಡೆ ಮರುಕಳಿಸುವ ಮಾತುಗಳನ್ನು ಗಮನಿಸಬೇಕು. ಇಲ್ಲೇ ನಿಲ್ಲೆಂದು ಬೇಡುವ ಕರುವಿಗೆ ಪುಣ್ಯಕೋಟಿ, 'ಸತ್ಯವಾಕ್ಯಕೆ ತಪ್ಪಿ ನಡೆದರೆ ಮೆಚ್ಚನಾ ಪರಮಾತ್ಮನು' ಎನ್ನುತ್ತದೆ. ಈ ಮಾತು ನಡೆದದ್ದು ದೊಡ್ಡಿಯಲ್ಲಿ. ಹುಲಿ ಅದನ್ನು ಕೇಳಿಯೇ ಇಲ್ಲ. ಆದರೂ ಹಸು ಮರಳಿ ಬಂದು 'ಖಂಡವಿದೆಕೋ ಮಾಂಸವಿದೆಕೋ' ಎಂದು ಎದುರು ನಿಂತಾಗ, 'ಕನ್ನೆಯಿವಳನು ಕೊಂದು ತಿಂದರೆ ಮೆಚ್ಚನಾ ಪರಮಾತ್ಮನು' ಎಂದು ಕಣ್ಣೀರಿಡುವ ಹುಲಿಯ ಮನಸ್ಸಿನಲ್ಲಿ ಮೂಡುವುದು ಅದೇ ನುಡಿ. ಕವಿತೆಯ ಕೀಲು ಇರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಆದ್ದರಿಂದ ಆಶಯವನ್ನು ಹೀಗೆ ಹೇಳಬಹುದು: ಪ್ರಾಣವನ್ನೇ ಪಣವಾಗಿಟ್ಟು ಮಾತು ಉಳಿಸಿಕೊಂಡವರ ಎದುರು, ಕೊಲ್ಲುವ ಬಲವುಳ್ಳವರಲ್ಲಿಯೂ ಧರ್ಮಪ್ರಜ್ಞೆ ಎಚ್ಚರಗೊಳ್ಳುತ್ತದೆ.

ಒಂದು ಕಥೆಗೆ ಒಂದೇ ಆಶಯವಿರಬೇಕೆಂಬ ನಿಯಮವೇನೂ ಇಲ್ಲ. 'ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ' ಎಂದು ಇತರ ಹಸುಗಳಿಗೆ ಕರುವನ್ನು ಒಪ್ಪಿಸುವ ಸಾಲುಗಳು ತಬ್ಬಲಿಯ ಹೊಣೆ ಯಾರದು ಎಂಬ ಬೇರೊಂದು ಎಳೆಯನ್ನು ತೆರೆಯುತ್ತವೆ. ಅದನ್ನು ಹಿಡಿದು ಬರೆದ ಉತ್ತರವೂ, ಸಾಲುಗಳ ಆಧಾರವಿದ್ದರೆ, ಸರಿಯಾದ ಉತ್ತರವೇ.

ಹುಲಿಯ ಸಾವಿನ ಕಾರಣ ಮಾತ್ರ ಚರ್ಚೆಗೆ ತೆರೆದಿದೆ. 'ಎನ್ನ ಒಡಹುಟ್ಟಕ್ಕ ನೀನು' ಎಂಬ ಮಾತಿಗೆ ಒತ್ತು ಕೊಟ್ಟರೆ, ಅಕ್ಕನನ್ನು ಕೊಲ್ಲಹೊರಟ ಪಶ್ಚಾತ್ತಾಪದಿಂದ ಅದು ಸತ್ತಿತು ಎನ್ನಬಹುದು. ಕೊಂದು ತಿನ್ನುವುದೇ ಬದುಕಾಗಿರುವ ಪ್ರಾಣಿಗೆ, ಕೊಲ್ಲುವುದು ತಪ್ಪೆಂದು ಅರಿವಾದ ಮೇಲೆ ಬದುಕುವ ದಾರಿಯೇ ಉಳಿಯಲಿಲ್ಲ ಎಂದೂ ಓದಬಹುದು. ಹಾಗೆ ಓದಿದವರು ಮೇಲಿನ ಆಶಯವಾಕ್ಯಕ್ಕೆ, ಆ ಎಚ್ಚರಕ್ಕೆ ತೆರಬೇಕಾದ ಬೆಲೆಯನ್ನೂ ಸೇರಿಸಬೇಕಾಗುತ್ತದೆ.