ಬಾಕ್ಸ್ ಮೇಲೆ 1 ಕಿ.ಮೀ., ಛತ್ರದಲ್ಲಿ 50 ಮೀಟರ್: ಯಾಕೆ ಹೀಗೆ?

ಪ್ರಶ್ನೆ: ನಮ್ಮ ವೈರ್‌ಲೆಸ್ ವಿಡಿಯೊ ಟ್ರಾನ್ಸ್‌ಮಿಟರ್ ಬಾಕ್ಸ್ ಮೇಲೆ 1 ಕಿ.ಮೀ. ಅಂತ ಬರೆದಿದೆ. ಮದುವೆ ಛತ್ರದಲ್ಲಿ 50 ಮೀಟರ್‌ಗೇ ಚಿತ್ರ ಕಟ್ ಆಗುತ್ತೆ. ಜಾಸ್ತಿ ಪವರ್ ಇರೋದು ತಗೊಂಡ್ರೆ ಸರಿಹೋಗುತ್ತಾ?

ಸರಿಹೋಗಲ್ಲ. ಮದುವೆ ಸೀಸನ್ ಶುರುವಾದರೆ ಸಾಕು, ಇದೇ ಪ್ರಶ್ನೆ. ಈ ಸಲ ಬಿಡಿಸಿ ಬರೆಯುತ್ತೇನೆ. ಮುಂದಿನ ಸೀಸನ್‌ಗೆ ಇದನ್ನೇ ಕಳಿಸಿದರಾಯಿತು.

ಬಾಕ್ಸ್ ಮೇಲಿನ ಅಂಕಿ ಸುಳ್ಳಲ್ಲ. ಅದು ಬಯಲಿನ ಲೆಕ್ಕ. ಎರಡೂ ಆಂಟೆನಾ ಎತ್ತರದಲ್ಲಿ, ನಡುವೆ ಅಡ್ಡ ಏನೂ ಇಲ್ಲ, ಸುತ್ತಮುತ್ತ ವೈಫೈ ಇಲ್ಲ. ನಿಮ್ಮ ಛತ್ರ ಹಾಗಿದೆಯಾ?

ಇನ್ನು ಈ ಪವರ್ ಹುಚ್ಚು. ವಾಟ್ ಎರಡು ಪಟ್ಟಾದರೆ ದೂರವೂ ಎರಡು ಪಟ್ಟು ಎಂದು ನಂಬಿದವರು ಎಷ್ಟು ಜನವೋ! ಬರೀ ಬಯಲಲ್ಲೇ ದೂರ ಎರಡು ಪಟ್ಟಾಗಲು ಪವರ್ ನಾಲ್ಕು ಪಟ್ಟು ಬೇಕು. ಮೂರು ಪಟ್ಟಿಗೆ ಒಂಬತ್ತು. ಜನ, ಕಂಬ, ಗೋಡೆ ಅಡ್ಡ ಬಂದರೆ ಅದೂ ಸಾಲದು. ಬ್ಯಾಟರಿ ಬೇಗ ಖಾಲಿ, ಡಬ್ಬ ಕೆಂಡಾಮಂಡಲ. ಕಾನೂನೂ ಬಿಡಲ್ಲ. ಲೈಸೆನ್ಸ್ ಬೇಡದ 2.4 ಗಿಗಾಹರ್ಟ್ಸ್‌ನಲ್ಲಿ ಟ್ರಾನ್ಸ್‌ಮಿಟರ್‌ಗೆ 1 ವಾಟ್, ಆಂಟೆನಾ ಗೇನ್ (ಸಿಗ್ನಲನ್ನು ಒಂದು ಕಡೆಗೆ ಕೂಡಿಸುವ ಬಲ) ಸೇರಿ 4 ವಾಟ್, ಅಷ್ಟೇ ಮಿತಿ.

ಇನ್ನೂ ನಂಬಿಕೆ ಬರಲಿಲ್ವಾ? ಮನೆ ಮೇಲಿನ ಡಿಟಿಎಚ್ ಡಿಶ್ ನೋಡಿ. ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಅದರಲ್ಲಿರುವ, ಸಿಗ್ನಲ್ ಪಡೆದು ಮತ್ತೆ ಕೆಳಗೆ ಕಳಿಸುವ ಒಂದು ಟ್ರಾನ್ಸ್‌ಪಾಂಡರ್ ಪವರ್ ನೂರು-ಇನ್ನೂರು ವಾಟ್ ಆಸುಪಾಸು. ಅದೇ ಇಡೀ ದೇಶಕ್ಕೆ ಸಾಕಾಗುತ್ತದೆ. ನಿಮ್ಮ ಎಚ್‌ಡಿ ಚಾನೆಲ್ ಚೆನ್ನಾಗೇ ಬರುತ್ತದೆ, ಅಲ್ವಾ? ನಡುವೆ ಅಡ್ಡ ಇಲ್ಲ, ಡಿಶ್ ಆ ಕಡೆ ಬಿಟ್ಟು ಬೇರೆಲ್ಲೂ ನೋಡಲ್ಲ, ಅದಕ್ಕೆ. ಪಕ್ಕದ ಮನೆ ತೆಂಗಿನ ಗರಿಗಳು ಅಡ್ಡ ಬೆಳೆದ ಮೇಲೆ ಬರೀ ‘ನೋ ಸಿಗ್ನಲ್’. ಉಪಗ್ರಹದ ಪವರ್ ಕಡಿಮೆಯಾಯಿತಾ?

ಈಗ ಛತ್ರಕ್ಕೆ ಬನ್ನಿ. ಚಿತ್ರ ಹೋಗುವುದು ಯಾವ ಹೊತ್ತಿಗೆ, ಗಮನಿಸಿದ್ದೀರಾ? ಸರಿಯಾಗಿ ತಾಳಿ ಕಟ್ಟುವಾಗ. ಗಟ್ಟಿಮೇಳ ಕೇಳಿದ ಕೂಡಲೇ ಅಕ್ಷತೆ ಹಿಡಿದು ಎಲ್ಲರೂ ಎದ್ದು ನಿಲ್ಲುತ್ತಾರೆ. ನಿಮ್ಮ ರಿಸೀವರ್ ಸ್ವಿಚರ್ (ಕ್ಯಾಮೆರಾಗಳ ಚಿತ್ರ ಬದಲಿಸುವ ಯಂತ್ರ) ಟೇಬಲ್ ಮೇಲೆ, ಸೊಂಟದ ಎತ್ತರದಲ್ಲಿ ಕೂತಿದೆ. ನಮ್ಮ ಮೈಯಲ್ಲಿ ನೀರೇ ಜಾಸ್ತಿ. 5 ಗಿಗಾಹರ್ಟ್ಸ್ ಅಲೆಯನ್ನು ಅದು ಹೀರಿಬಿಡುತ್ತದೆ. ಹಳೇ ಅನಲಾಗ್ ಆಗಿದ್ದರೆ ಚುಕ್ಕಿ ಚುಕ್ಕಿಯಾಗಿಯಾದರೂ ಏನೋ ಕಾಣುತ್ತಿತ್ತು. ಡಿಜಿಟಲ್ ಕೊನೆವರೆಗೂ ಚೆನ್ನಾಗಿದ್ದು ಒಮ್ಮೆಲೇ ಕಪ್ಪಾಗುತ್ತದೆ.

ರಿಸೀವರನ್ನು ಲೈಟ್ ಸ್ಟ್ಯಾಂಡ್‌ಗೆ ಕಟ್ಟಿ, ಜನರ ತಲೆಗಿಂತ ಮೇಲೆ, ಮಂಟಪದ ಹತ್ತಿರ ನಿಲ್ಲಿಸಿ. ಅಲ್ಲಿಂದ ಸ್ವಿಚರ್‌ಗೆ ಎಸ್‌ಡಿಐ ವಿಡಿಯೊ ಕೇಬಲ್ ಎಳೆಯಿರಿ. ಆಂಟೆನಾ ಕಡ್ಡಿಗಳನ್ನು ಕ್ಯಾಮೆರಾ ಕಡೆ ಬಂದೂಕಿನ ಥರ ಗುರಿ ಇಡಬೇಡಿ. ತುದಿಯಿಂದ ಸಿಗ್ನಲ್ ಹೆಚ್ಚೇನೂ ಸಿಗಲ್ಲ, ಪಕ್ಕದಿಂದ ಸಿಗುತ್ತದೆ. ನೆಟ್ಟಗೆ ನಿಲ್ಲಿಸಿ.

ತೇರಿನ ಬಯಲಲ್ಲಿ ನಿಜವಾಗಿಯೂ ದೂರ ಬೇಕಾ? ರಿಸೀವರ್‌ಗೆ ಒಂದೇ ಕಡೆಯಿಂದ ಸಿಗ್ನಲ್ ಹಿಡಿಯುವ ಪ್ಯಾನೆಲ್ ಆಂಟೆನಾ ಹಾಕಿ. ಗೇನ್ 6 ಡಿಬಿ ಹೆಚ್ಚಾದರೆ, ಬಯಲಲ್ಲಿ, ಒಂದು ವಾಟೂ ಸೇರಿಸದೆ ದೂರ ಎರಡು ಪಟ್ಟು. ಆ ಕಡೆ ಕಣ್ಣಿಗೆ ಕಂಡರೆ ಮಾತ್ರ ಸಾಲದು, ಅಲೆ ಹರಡಿಕೊಂಡು ಹೋಗುತ್ತದೆ. 1 ಕಿ.ಮೀ. ಲಿಂಕ್‌ಗೆ 5.8 ಗಿಗಾಹರ್ಟ್ಸ್‌ನಲ್ಲಿ, ನಡುದಾರಿಯಲ್ಲಿ ಸುತ್ತಲೂ 2 ಮೀಟರ್‌ಗಿಂತ ಜಾಸ್ತಿ ಖಾಲಿ ಇರಬೇಕು.

ಅಂದಹಾಗೆ, ನ್ಯೂಸ್‌ನಲ್ಲಿ ಆಂಕರ್ ಪ್ರಶ್ನೆ ಕೇಳಿದ ಮೇಲೂ ವರದಿಗಾರರು ಸುಮ್ನೆ ತಲೆ ಆಡಿಸುತ್ತಾ ನಿಲ್ಲುವುದು ಯಾಕೆ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಉಪಗ್ರಹಕ್ಕೆ ಹೋಗಿ ಕೆಳಗೆ ಬರಲು ಸಿಗ್ನಲ್‌ಗೇ ಸುಮಾರು ಕಾಲು ಸೆಕೆಂಡ್ ಬೇಕು. ಎನ್‌ಕೋಡರ್, ಡಿಕೋಡರ್ (ಚಿತ್ರವನ್ನು ಕುಗ್ಗಿಸಿ, ಮತ್ತೆ ಬಿಡಿಸುವ ಯಂತ್ರಗಳು) ತಮ್ಮ ಪಾಲನ್ನೂ ಸೇರಿಸುತ್ತವೆ. ಈಗ ಬೆನ್ನಚೀಲದಲ್ಲಿ ನಾಲ್ಕಾರು ಸಿಮ್ ಹಾಕಿ ಕಳಿಸುವ ಬಾಂಡಿಂಗ್ ಬಂದಿದೆ. ಬೇರೆ ಬೇರೆ ದಾರಿಯಲ್ಲಿ ಬಂದ ಡೇಟಾವನ್ನು ಕಾದು, ಸಾಲಾಗಿ ಜೋಡಿಸಬೇಕು. ಹಾಗಾಗಿ ತಡ ಇನ್ನೂ ಜಾಸ್ತಿ. ಜಾತ್ರೆಗೆ ಅದನ್ನು ಒಯ್ಯುವವರು ಬೇರೆ ಬೇರೆ ಕಂಪನಿಯ ಸಿಮ್ ಹಾಕಿಕೊಳ್ಳಿ. ಒಂದೇ ಕಂಪನಿಯವಾದರೆ, ಜನ ತುಂಬಿದ ಒಂದೇ ಟವರ್‌ಗೆ ನಾಲ್ಕೂ ಹೋಗಿ ಬೀಳುತ್ತವೆ.